ದತ್ತು ಮಕ್ಕಳ ತುಂಬು ಸಂಸಾರ

ದತ್ತಕವೆಂದೊಡನೆ ಕನ್ನಡಿಗರಾದ ನಮಗೆ ಕಿತ್ತೂರು ನೆನಪಾಗುತ್ತದೆ. 1824ರಲ್ಲಿ ಅಲ್ಲಿಯ ದೇಸಾಯಿಯವರ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಳು. ಗದ್ದುಗೆಗೊಬ್ಬ ವಾರಸುದಾರ, ಪಿತೃಗಳಿಗೆ ಪಿಂಡ ಹಾಕಲೊಬ್ಬ ಮಗ, ಹೊಲಮನೆಗೊಬ್ಬ ಒಡೆಯ: ನಮ್ಮ ಹಿರಿಯರಿಗೆ ದತ್ತಕದ ಅರ್ಥ ಬಹುಮಟ್ಟಿಗೆ ಇಷ್ಟೆ. 1956ರ ಹಿಂದೂ ದತ್ತಕ ಕಾಯಿದೆಯೂ ಇದೇ ಜಾಡಿನಲ್ಲಿ ಸಾಗಿ, ಮಗನಿರುವವರು ಮತ್ತೊಬ್ಬ ಮಗನನ್ನು, ಮಗಳಿರುವವರು ಮತ್ತೊಬ್ಬ ಮಗಳನ್ನು ದತ್ತು ಪಡೆಯಲಾಗದೆಂದು ವಿಧಿಸಿತು.

ವಾರಸುದಾರನ ಚಿಂತೆಯಿಲ್ಲದೆ, ಮನೆಯಿಲ್ಲದ ಮಕ್ಕಳಿಗಾಗಿಯೇ ಸಂಸಾರ ಬೆಳೆಸಿದ ದಂಪತಿಗಳನ್ನು ನಾನು ಪುಣೆಯಲ್ಲಿ ಕಂಡೆ. ದಕ್ಷಿಣ ಕನ್ನಡದಿಂದ ಬಂದ ಕೆಥೋಲಿಕರು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. (ಹೆಸರು ಹೇಳುವುದು ಬ್ಯಾಂಕಿನವರ ಧರ್ಮವಲ್ಲ.) ಐವರು ಮಕ್ಕಳು, ಐವರೂ ಅನಾಥಾಲಯದಿಂದ ಬಂದವರು. ಕೊನೆಯವಳಿಗೆ ಕಿವಿ ಕೇಳಿಸದು. 2012ರಲ್ಲಿ ಹಿರಿಯ ಮಗನಿಗೆ 18 ವರ್ಷ ತುಂಬಿದಾಗ, ಅವನ ಉಳಿತಾಯ ಖಾತೆಯನ್ನು ಬದಲಾಯಿಸಲು ತಂದೆ ಮಗ ಇಬ್ಬರೂ ಶಾಖೆಗೆ ಬಂದರು. ಅವರು ತಂದ ಕಾಗದವು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯನ್ವಯ ನ್ಯಾಯಾಲಯವಿತ್ತ ಪಾಲಕತ್ವದ ಆದೇಶ. ಖಾತೆಯಿಂದ ಪಾಲಕರ ಹೆಸರನ್ನು ತೆಗೆಯಲು ನಾನು ಸಹಿ ಮಾಡುತ್ತಿದ್ದಂತೆ ಆ ಮಹನೀಯರು ನಗುತ್ತಲೇ ಕೇಳಿದರು: "ಸಾರ್, ಇನ್ನು ಮೇಲೆ ಕಾನೂನಿನಲ್ಲಿ ನಾನು ಇವನಿಗೆ ಏನಾಗಬೇಕು?"

ಏನೂ ಆಗಬೇಕಾಗಿರಲಿಲ್ಲ ಎಂಬುದೇ ಉತ್ತರ. ಹೇಳಲು ಬಾಯಿ ಬರಲಿಲ್ಲ. ಕ್ರೈಸ್ತರಿಗೆ, ಮುಸಲ್ಮಾನರಿಗೆ, ಪಾರ್ಸಿಗಳಿಗೆ ಬಹುಕಾಲ ದತ್ತಕದ ಕಾಯಿದೆಯೇ ಇರಲಿಲ್ಲ. ಸರ್ವರಿಗೂ ಅನ್ವಯಿಸುವಂಥ ಮಸೂದೆ 1972ರಲ್ಲಿ ಸಂಸತ್ತಿಗೆ ಬಂದು 1978ರಲ್ಲಿ ಹಿಂದಕ್ಕೆ ಹೋಯಿತು, 1980ರದ್ದೂ ಕಾಯಿದೆಯಾಗಲಿಲ್ಲ. ಮಗು ಪ್ರಾಪ್ತವಯಸ್ಸಿಗೆ ಬಂದೊಡನೆ ಪಾಲಕತ್ವ ಮುಗಿಯುತ್ತದೆ. ಉಯಿಲು ಬರೆಯದೆ ಪಾಲಕರು ತೀರಿಕೊಂಡರೆ, ಅವರ ಆಸ್ತಿಯಲ್ಲಿ ಅದಕ್ಕೆ ಪಾಲಿಲ್ಲ. 2000ದ ವರದಿಗಳಲ್ಲಿ ದಾಖಲಾಗಿರುವ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪೊಂದರಲ್ಲಿ ನ್ಯಾಯಮೂರ್ತಿ ರೆಬೆಲೊ ಅವರು, ಮನೆ, ಹೆಸರು, ತಂದೆತಾಯಿಯರನ್ನು ಪಡೆಯುವುದು ಮಗುವಿನ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಪಾಲಕರಾಗಿದ್ದ ಕ್ರೈಸ್ತ ದಂಪತಿಗಳಿಗೆ ದತ್ತಕದ ದಾರಿ ತೆರೆದರು. ಅನಂತರ 2000ದ ಬಾಲನ್ಯಾಯ ಕಾಯಿದೆಯೂ ಅದರ 2006ರ ತಿದ್ದುಪಡಿಯೂ ಬಂದವು. ಯಾವ ಧರ್ಮದವರೂ ಅದರಡಿ ದತ್ತು ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಸ್ಪಷ್ಟಪಡಿಸಿತು.

ನಮ್ಮ ಈ ದಂಪತಿಗಳ ಕಿರಿಯ ಮೂವರು ಹೊಸ ಕಾಯಿದೆಯಡಿ ಬಂದವರು, ಆದ್ದರಿಂದ ಮಕ್ಕಳು. ಹಿರಿಯರಿಬ್ಬರು ಹಳೆಯದರಡಿ ಬಂದವರು. ಆದ್ದರಿಂದ ಕೇವಲ ಪಾಲಿತರು. ಮತ್ತೆ ಅರ್ಜಿ ಹಾಕಬಹುದಿತ್ತೆಂಬುದು ಅವರಿಗೆ ಸಕಾಲದಲ್ಲಿ ತಿಳಿದಿರಲಿಲ್ಲ. ಒಂದೇ ಒಲೆಯ ಅನ್ನ ಉಂಡು ಬೆಳೆದವರಲ್ಲಿ ಸರಕಾರಿ ಕಾಗದ ಪಂಕ್ತಿಭೇದ ಮಾಡಿತು. ಹೀಗೆ ಪಾಲಕತ್ವದಡಿ ಬೆಳೆದವರೆಲ್ಲರನ್ನೂ, ಈಗ ಪ್ರಾಯಕ್ಕೆ ಬಂದಿದ್ದರೂ ಸರಿಯೆ, ಸಾಕಿದವರ ಮಕ್ಕಳೆಂದೇ ಮಾನ್ಯ ಮಾಡುವ ಒಂದು ಕಲಮನ್ನು ಸಂಸತ್ತು ಸೇರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದರಿಂದ ಬೊಕ್ಕಸಕ್ಕೆ ಹೊರೆಯೇನೂ ಇಲ್ಲ.

ಇಂಥ ತುಂಬು ಸಂಸಾರವನ್ನು ಇಂದು ಕಟ್ಟುವುದು ಸುಲಭವಲ್ಲ. 2022ರ ದತ್ತಕ ನಿಯಮಾವಳಿಯಂತೆ, ಬಂಧುಗಳ ಮಗು ಹಾಗೂ ಮಲಮಗುವಿನ ಸಂದರ್ಭ ಬಿಟ್ಟರೆ, ಈಗಾಗಲೇ ಇಬ್ಬರು ಮಕ್ಕಳಿರುವವರಿಗೆ ವಿಶೇಷ ಆರೈಕೆ ಬೇಕಾದ ಅಥವಾ ಬೇರಾರೂ ಮುಂದೆ ಬಾರದ ಮಗು ಮಾತ್ರ ದೊರೆಯುತ್ತದೆ. 2024-25ರಲ್ಲಿ ನಡೆದ ದತ್ತಕಗಳು 4,515. ಕಾದಿರುವವರು ಅದರ ಅನೇಕ ಪಟ್ಟು. ಹೀಗಿರುವಾಗ ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ.

ನಾಮಿನೇಷನ್ ಇದೆಯಲ್ಲ ಎಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ನಾಮಿನಿಯು ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವನೇ ಹೊರತು ಒಡೆಯನಲ್ಲ. ಇದನ್ನು ತಿಳಿಸಿದ ಮೇಲೆ ಆ ದಂಪತಿಗಳು ಉಯಿಲು ಬರೆಸಿದರು. ಐವರಿಗೂ ಸಮಪಾಲು, ಐವರನ್ನೂ 'ನಮ್ಮ ಮಕ್ಕಳು' ಎಂದೇ ಬರೆಸಿದ್ದರಂತೆ. ಮುಂದೆ ತಂಟೆಯಾದೀತೆಂದು ವಕೀಲರು ಹಿರಿಯರಿಬ್ಬರ ಹೆಸರಿನ ಹಿಂದೆ 'ಸಾಕಿದ' ಎಂಬ ಶಬ್ದ ಸೇರಿಸಿದರು.