ಅವನು, ಅವಳು, ಅವರು



ನಾಮಪದಕ್ಕೆ ಬದಲಾಗಿ ನಿಲ್ಲುವ ಪದವೇ ಸರ್ವನಾಮವೆಂದು ಬಾಯಿಪಾಠ ಮಾಡಿ, ನಾವೆಲ್ಲರೂ ಮುಂದಿನ ಪಾಠಕ್ಕೆ ಹೋದವರೇ ಸರಿ. ಆ ಚಿಕ್ಕ ಪದದಲ್ಲಿ ದೊಡ್ಡ ವಿಚಾರವೊಂದು ಅಡಗಿರುವುದೆಂಬುದು ನನಗೆ ಈಚೆಗೆ ಮನವರಿಕೆಯಾಯಿತು. ಅದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಂಪ್ಯೂಟರಿನ ಕೆಲಸ ಬಲ್ಲವರು, ಇತರರೂ ತಮ್ಮ ಕಾರ್ಯಕ್ಕೆ ಎತ್ತಿಕೊಳ್ಳಬಹುದಾದಂತೆ ಸಿದ್ಧಪಡಿಸಿಟ್ಟ ತಂತ್ರಾಂಶದ ಭಾಗಗಳಿಗೆ ಲೈಬ್ರರಿಯೆಂದು ಹೆಸರು. ಬರಹವೊಂದನ್ನು ಕೊಟ್ಟರೆ ಅದರಲ್ಲಿನ 'ಅವನು' ಎಂಬುದನ್ನು 'ಅವಳು' ಎಂದಾಗಲಿ, 'ಅವರು' ಎಂದಾಗಲಿ ಬದಲಿಸಿಕೊಡುವ ಲೈಬ್ರರಿಗಳೂ ಈಗ ಉಂಟು. ಇಂಗ್ಲಿಷಿನಲ್ಲಿ 'ಹೀ' ಇರುವೆಡೆ 'ಷೀ' ಇಟ್ಟರೆ ತೀರಿತಲ್ಲವೇ ಎಂದು ತೋರಬಹುದು. ಆದರೆ 'ಹರ್' ಎಂಬ ಒಂದೇ ಪದವು 'ಅವಳ' ಎಂಬುದಕ್ಕೂ 'ಅವಳನ್ನು' ಎಂಬುದಕ್ಕೂ ಸಲ್ಲುವುದು. ಒಂದೆಡೆ ಅದು 'ಹಿಸ್' ಆಗಬೇಕು, ಇನ್ನೊಂದೆಡೆ 'ಹಿಮ್' ಆಗಬೇಕು. ಆದುದರಿಂದ ಯಂತ್ರವು ಅಕ್ಕಪಕ್ಕದ ಪದಗಳನ್ನು ನೋಡಿ ವಾಕ್ಯದ ರಚನೆಯನ್ನು ಊಹಿಸಲೇಬೇಕಾಗುವುದು.

ಕನ್ನಡದಲ್ಲಿ ಆ ತೊಡಕಿಲ್ಲ. ನಮ್ಮ ಕಷ್ಟವೇ ಬೇರೆ. 'ಅವಳು ಬಂದನು' ಎಂದು ಬರೆದರೆ ಒಂದನೆಯ ತರಗತಿಯ ಹುಡುಗಿಯೂ ನಗುವಳು. ಕ್ರಿಯಾಪದದ ಕೊನೆಯನ್ನೂ ತಿದ್ದಬೇಕು. ಅದಲ್ಲದೆ, 'ಮನೆಗೆ ಬಂದಳು, ದೀಪ ಹಚ್ಚಿದಳು' ಎಂದು ಸರ್ವನಾಮವನ್ನೇ ಬಿಟ್ಟು ಬರೆಯುವುದು ನಮ್ಮ ವಾಡಿಕೆ. 'ಅವರು' ಎಂದರೆ ಲಿಂಗಭೇದ ಮರೆಯಾಗುವುದು ನಿಜ. ಆದರೆ ಬಂದವರು ಒಬ್ಬರೋ ಹಲವರೋ ತಿಳಿಯದು, ಗೌರವವೂ ತಾನಾಗಿ ಸೇರಿಕೊಳ್ಳುವುದು. ತೆಲುಗಿನಲ್ಲಿ ಏಕವಚನದ ಕ್ರಿಯಾಪದವು ಹೆಂಗಸಿಗೂ ಹಸುವಿಗೂ ಒಂದೇ. ಹವ್ಯಕರ ಮನೆಮಾತಿನಲ್ಲಿ ತಾಯಿಯ ವಿಷಯದಲ್ಲಿಯೂ 'ಬಂತು' ಎನ್ನುವ ರೂಢಿಯುಂಟು. ಅದರಲ್ಲಿ ಅನಾದರವೇನೂ ಇಲ್ಲ. ಒಂದು ಭಾಷೆಗಾಗಿ ಮಾಡಿದ ಪಟ್ಟಿಯು ಇನ್ನೊಂದಕ್ಕೆ ಸಲ್ಲದೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಇಷ್ಟು ಶ್ರಮವೇಕೆಂದು ಕೇಳುವಿರಿ. ತುರ್ಕಿ ಭಾಷೆಯಲ್ಲಿ ಗಂಡಿಗೂ ಹೆಣ್ಣಿಗೂ 'ಓ' ಎಂಬ ಒಂದೇ ಸರ್ವನಾಮ. ಅಂಥ ವಾಕ್ಯವನ್ನು ಗೂಗಲ್ ಸಂಸ್ಥೆಯ ಭಾಷಾಂತರ ಯಂತ್ರಕ್ಕೆ ಕೊಟ್ಟಾಗ, ವೈದ್ಯವೃತ್ತಿಯ ಮಾತಿದ್ದರೆ 'ಅವನು' ಎಂದೂ, ದಾದಿಯ ಮಾತಿದ್ದರೆ 'ಅವಳು' ಎಂದೂ ಇಂಗ್ಲಿಷಿಗೆ ತಿರುಗಿಸುತ್ತಿದ್ದಿತು. 2018ರಲ್ಲಿ ಆ ಸಂಸ್ಥೆಯವರು ಎರಡು ರೂಪಗಳನ್ನೂ ತೋರಿಸುವ ಏರ್ಪಾಡು ಮಾಡಿದರು. ಅದೇ ವರ್ಷ ಅಮೆರಿಕದ ವಿದ್ವಾಂಸರು, ಸರ್ವನಾಮವೊಂದರ ಹೊರತು ಬೇರೆ ವ್ಯತ್ಯಾಸವಿಲ್ಲದಂತೆ ವಾಕ್ಯಗಳನ್ನು ಜೋಡಿಸಿ, 'ವಿನೋಜೆಂಡರ್' ಎಂಬ 720 ವಾಕ್ಯಗಳ ಪರೀಕ್ಷೆಯನ್ನು ಯಂತ್ರಗಳಿಗೆ ಒಡ್ಡಿದರು. ಸರ್ವನಾಮ ಬದಲಾದೊಡನೆ ಯಂತ್ರದ ಉತ್ತರವೂ ಬದಲಾದರೆ ದೋಷವು ಹೊರಬೀಳುವುದು. ಯಂತ್ರಕ್ಕೆ ಈ ಪಕ್ಷಪಾತವನ್ನು ಕಲಿಸಿದವರು ಯಾರು? ನಾವು ಬರೆದಿಟ್ಟ ಬರಹಗಳೇ.

ಇದು ಕ್ಷುಲ್ಲಕ ವಿಷಯವೆಂದು ಹೇಳುವವರುಂಟು. ಕಾನೂನೇ ಇದನ್ನು ಪರಿಹರಿಸಿದೆಯೆಂಬುದು ಅವರ ವಾದ. 1860ರ ದಂಡಸಂಹಿತೆಯಲ್ಲಿ 'ಹೀ' ಎಂಬ ಸರ್ವನಾಮವು ಪುರುಷರಿಗೂ ಸ್ತ್ರೀಯರಿಗೂ ಅನ್ವಯಿಸುವುದೆಂದು ವಿಧಿಸಿದ್ದರು. ಅದರ ಸ್ಥಾನದಲ್ಲಿ 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಲಿಂಗಾಂತರಿಗಳನ್ನೂ ಆ ಪದದೊಳಗೆ ಸೇರಿಸಿರುವುದು. ನ್ಯಾಯಾಲಯಕ್ಕೆ ಇಷ್ಟು ಸಾಕು. ಆದರೆ ಹತ್ತು ವರ್ಷದ ಬಾಲಕಿಯ ಲೆಕ್ಕದ ಪುಸ್ತಕಕ್ಕೆ ಅಂಥ ವ್ಯಾಖ್ಯೆಯ ಕಲಮು ಇರುವುದಿಲ್ಲ. ಅಲ್ಲಿ ಹೊಲ ಕೊಳ್ಳುವವನೂ ಸಾಲ ಕೊಡುವವನೂ ರೈಲು ನಡೆಸುವವನೂ 'ಅವನು' ಆಗಿದ್ದರೆ, ಲೆಕ್ಕದೊಡನೆ ಇನ್ನೊಂದು ಪಾಠವನ್ನೂ ಅವಳು ಕಲಿತುಬಿಡುವಳು.

ನನ್ನದೇ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿರುವುದು. ಅಧ್ಯಾಪಿಕೆಯಾಗಿ ಅನೇಕ ವಿದ್ಯಾರ್ಥಿನಿಯರಿಗೆ ನಾನು ಶಿಫಾರಸು ಪತ್ರಗಳನ್ನು ಬರೆದುಕೊಟ್ಟಿರುವೆನು. ಒಂದು ದಿನ ಹಳೆಯ ಪತ್ರವೊಂದರ 'ಅವಳು' ಎಂಬುದನ್ನೆಲ್ಲ 'ಅವನು' ಮಾಡಿ ಓದಿಕೊಂಡೆನು: 'ಅವನು ಮೃದುಸ್ವಭಾವದವನು, ವಿಧೇಯನು, ಮಿತಭಾಷಿ, ಯಾರಿಗೂ ಎದುರಾಡದವನು.' ಓದುತ್ತಲೇ ನಾಚಿಕೆಯಾಯಿತು. ಇಂಜಿನಿಯರಿಂಗ್ ಕಾಲೇಜಿಗೆ ಹೋಗುವ ಹುಡುಗನ ವಿಷಯದಲ್ಲಿ ಹೀಗೆ ಬರೆಯುತ್ತಿದ್ದೆನೇ? ಆ ಹುಡುಗಿಯು ಗಣಿತದಲ್ಲಿ ತರಗತಿಗೇ ಮೊದಲನೆಯವಳು. ಕೆಟ್ಟುಹೋದ ಪ್ರಯೋಗದ ಉಪಕರಣವನ್ನು ತಾನೇ ಬಿಚ್ಚಿ ಸರಿಪಡಿಸಿದವಳು. ಅದರ ಒಂದು ಮಾತೂ ಆ ಪತ್ರದಲ್ಲಿರಲಿಲ್ಲ. ದೋಷವು ಸರ್ವನಾಮದಲ್ಲಿರಲಿಲ್ಲ, ನನ್ನ ದೃಷ್ಟಿಯಲ್ಲಿದ್ದಿತು. ಆದರೆ ಸರ್ವನಾಮವನ್ನು ಬದಲಿಸಿದ ಹೊರತು ಅದು ನನಗೆ ಕಾಣುತ್ತಿರಲಿಲ್ಲ.

ಆದಕಾರಣ ಈ ಸಾಧನವನ್ನು ಕನ್ನಡಿಯಂತೆ ಬಳಸಬೇಕೆಂಬುದೇ ನನ್ನ ಅಭಿಪ್ರಾಯ. ಅದನ್ನು ಕುಂಚದಂತೆ ಹಿಡಿದು ಎಲ್ಲ ಬರಹಕ್ಕೂ ಬಣ್ಣ ಬಳಿಯುವುದು ತರವಲ್ಲ. ಬದುಕಿದ್ದ ಒಬ್ಬ ಹೆಂಗಸಿನ ಚರಿತ್ರೆಯಲ್ಲಿ 'ಅವಳು' ಎಂಬುದು ಸತ್ಯ. ಅದನ್ನು ಅಳಿಸುವ ಅಧಿಕಾರ ಯಾವ ಯಂತ್ರಕ್ಕೂ ಇಲ್ಲ. ಎದುರಿಗಿರುವ ವ್ಯಕ್ತಿಯನ್ನು ಹೇಗೆ ಕರೆಯಬೇಕೆಂಬುದನ್ನು ಯಂತ್ರವು ಊಹಿಸಬಾರದು. ಆ ವ್ಯಕ್ತಿಯನ್ನೇ ಕೇಳುವುದು ಮರ್ಯಾದೆ. ಯಂತ್ರವು ತಿದ್ದಿದ ಕನ್ನಡವನ್ನು ಕನ್ನಡ ಬಲ್ಲವರು ಒಮ್ಮೆ ಓದದೆ ಅಚ್ಚಿಗೆ ಕಳುಹಿಸಲೂಬಾರದು.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಇಂದು ರಾತ್ರಿ ಮಗಳ ವಿಷಯವಾಗಿ ಮನೆಯಲ್ಲಿ ಆಡಿದ ಮಾತನ್ನು, 'ಅವಳು' ಇದ್ದಲ್ಲಿ 'ಅವನು' ಎಂದಿಟ್ಟು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಿರಿ. ಅದಕ್ಕೆ ಯಾವ ತಂತ್ರಾಂಶವೂ ಬೇಡ. ಮಾತು ಸರಾಗವಾಗಿ ಸಾಗಿದರೆ ಸಂತೋಷ. ಎಲ್ಲಿಯಾದರೂ ನಾಲಗೆ ತಡವರಿಸಿದರೆ, ತಿದ್ದಬೇಕಾದ ಸ್ಥಳವು ಅದೇ.