ಕಾಂತಿ ಬೇಕು, ಅತ್ಯುಕ್ತಿ ಬೇಡ

ಕಾಸರಗೋಡಿನ ನಿಸರ್ಗದ ಛಾಯಾಚಿತ್ರಗಳಿಗೆ ಈಗ ಬರವಿಲ್ಲ. ಗೋಡೆಯ ಕ್ಯಾಲೆಂಡರುಗಳಲ್ಲಿ, ಪ್ರವಾಸದ ಭಿತ್ತಿಪತ್ರಗಳಲ್ಲಿ, ವಾಟ್ಸಾಪಿನ ಶುಭೋದಯಗಳಲ್ಲಿ, ನಮ್ಮ ಸಂಘಗಳೇ ಏರ್ಪಡಿಸುವ ಪ್ರದರ್ಶನಗಳಲ್ಲಿ ಬೇಕಲ ಕೋಟೆಯೂ ಅನಂತಪುರದ ಸರೋವರವೂ ಚಂದ್ರಗಿರಿ ಹೊಳೆಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ನೋಡಿ ಸಂತೋಷಪಡಬೇಕಾದ ನಾವು ಆಕ್ಷೇಪವನ್ನೆತ್ತಲು ಹೊರಟಿದ್ದೇವೆ. ಏಕೆಂದರೆ ಆ ಚಿತ್ರಗಳಲ್ಲಿ ಹಲವು ನಮ್ಮ ನೆಲದ ಚಿತ್ರಗಳೇ ಅಲ್ಲ. ಆಕಾಶಕ್ಕೆ ಮಸಿಕುಡಿಕೆ ಉರುಳಿದಂಥ ನೀಲಿ. ಗದ್ದೆಗೆ ಗಿಳಿಯೇ ನಾಚುವ ಹಸುರು. ಕೋಟೆಯ ಗೋಡೆಗೆ ಕುಂಕುಮದ ಲೇಪ. ಇಂತಹ ಊರು ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಇದಕ್ಕೆಲ್ಲ ಎಚ್‌ಡಿಆರ್ ಎಂಬ ತಂತ್ರವೇ ಕಾರಣವೆಂದು ದೂರುವವರಿದ್ದಾರೆ. ನಾವು ಆ ಗುಂಪಿಗೆ ಸೇರಿದವರಲ್ಲ. ಕೋಟೆಯ ನೆರಳಿನಲ್ಲಿ ನಿಂತು ಮಧ್ಯಾಹ್ನದ ಕಡಲನ್ನು ನೋಡುವಾಗ ನಮ್ಮ ಕಣ್ಣು ಕಡಲಿಗೊಮ್ಮೆ, ಕಲ್ಲಿಗೊಮ್ಮೆ ಹೊಂದಿಕೊಂಡು ಎರಡನ್ನೂ ಕಾಣುತ್ತದೆ. ಕ್ಯಾಮೆರಾಕ್ಕೆ ಆ ಸೌಲಭ್ಯವಿಲ್ಲ. ಕಡಲಿಗೆ ಹೊಂದಿಸಿದರೆ ಗೋಡೆ ಕಪ್ಪಾಗುತ್ತದೆ. ಗೋಡೆಗೆ ಹೊಂದಿಸಿದರೆ ಕಡಲು ಬೆಳ್ಳಗೆ ಸುಟ್ಟುಹೋಗುತ್ತದೆ. ಛಾಯಾಗ್ರಾಹಕರು 'ಸ್ಟಾಪ್' ಎನ್ನುವ ಬೆಳಕಿನ ಮೆಟ್ಟಿಲುಗಳಲ್ಲಿ ಒಂದೊಂದೂ ಹಿಂದಿನದರ ಎರಡರಷ್ಟು. ಹತ್ತು ಮೆಟ್ಟಿಲು ಏರಿದರೆ ಬೆಳಕು 1,024 ಪಟ್ಟಾಗುತ್ತದೆ. ಆದುದರಿಂದ ಒಂದೇ ದೃಶ್ಯವನ್ನು ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನಲ್ಲಿ ಹಲವು ಬಾರಿ ಸೆರೆಹಿಡಿದು ಬೆಸೆಯುವ ವಿಧಾನ ಬಂದಿತು. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಪ್ರಕಟಿಸಿದ ಪ್ರಬಂಧವು ಇದಕ್ಕೆ ಗಟ್ಟಿಯಾದ ಗಣಿತದ ತಳಹದಿಯನ್ನು ಒದಗಿಸಿತು. ಕಣ್ಣು ಕಂಡುದಕ್ಕೆ ಚಿತ್ರವನ್ನು ಸಮೀಪಗೊಳಿಸುವ ಈ ವಿದ್ಯೆಯನ್ನು ಹಳಿಯಲು ನಮಗೆ ಮನಸ್ಸಿಲ್ಲ.

ತಪ್ಪು ನಡೆಯುವುದು ಮುಂದಿನ ಹೆಜ್ಜೆಯಲ್ಲಿ. ಬೆಸೆದ ಚಿತ್ರದ ವಿಶಾಲವಾದ ಬೆಳಕನ್ನು ಕಾಗದಕ್ಕೋ ಪರದೆಗೋ ಹೊಂದುವಂತೆ ಕುಗ್ಗಿಸಬೇಕು. ಇದನ್ನು ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಇಲ್ಲಿ ಕೈ ಹಿಡಿತ ತಪ್ಪಿದರೆ ನೆರಳೆಲ್ಲ ಬೆಳಗುತ್ತದೆ, ಬಿಳಿಮೋಡ ಹೊಗೆಯಂತೆ ಕಪ್ಪಿಡುತ್ತದೆ, ತೆಂಗಿನ ಗರಿಗಳ ಸುತ್ತ ದೇವರ ಪಟದಲ್ಲಿರುವಂತಹ ಪ್ರಭೆ ಮೂಡುತ್ತದೆ. ಈಗಂತೂ ಜೇಬಿನಲ್ಲಿರುವ ಫೋನೇ ಒಂದು ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು ತಾನೇ ಬೆಸೆದು ಕೊಡುತ್ತದೆ. ಅದು ಕೊಟ್ಟುದು ಸಾಲದೆಂದು ನಮ್ಮ ಉತ್ಸಾಹಿಗಳು ಬಣ್ಣದ ಗುಂಡಿಯನ್ನು ಕೊನೆಯವರೆಗೆ ಎಳೆಯುತ್ತಾರೆ.

ಇದನ್ನು ಸಮರ್ಥಿಸುವವರ ಮೊದಲನೆಯ ವಾದ ಚರಿತ್ರೆಯದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರವಾಗಿ ಅಚ್ಚುಹಾಕಲಿಲ್ಲವೇ? ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ತೆಗೆದ ಹೆರ್ನಾಂಡೆಜ್ ಊರಿನ ಚಂದ್ರೋದಯದ ಆಕಾಶವನ್ನು ವರ್ಷಗಳು ಕಳೆದಂತೆ ಹೆಚ್ಚು ಹೆಚ್ಚು ಕಪ್ಪಾಗಿ ಅಚ್ಚುಹಾಕಲಿಲ್ಲವೇ? ನಿಜ. ಆದರೆ ಅವೆಲ್ಲ ಏಕವರ್ಣದ ಚಿತ್ರಗಳು. ಲೋಕವು ಕಪ್ಪುಬಿಳುಪಾಗಿದೆಯೆಂದು ಅವನ್ನು ನೋಡಿ ಯಾರೂ ಭ್ರಮಿಸುವುದಿಲ್ಲ. ಇದು ಒಬ್ಬನ ವ್ಯಾಖ್ಯಾನ ಎಂಬುದನ್ನು ಚಿತ್ರವೇ ಸಾರುತ್ತದೆ. ಇಂದಿನ ವರ್ಣಚಿತ್ರವು ಹಾಗಲ್ಲ. 'ಹೀಗೆಯೇ ಇತ್ತು' ಎಂದು ಪ್ರಮಾಣ ಮಾಡುತ್ತಲೇ ಸುಳ್ಳಾಡುತ್ತದೆ.

ಎರಡನೆಯ ವಾದ ಕಲೆಯದು. ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರಾದ ನಮಗೆ ಅತಿರಂಜನೆಯೆಂದರೆ ಅಪಥ್ಯವೇ ಎಂದು ಕೇಳುತ್ತಾರೆ. ಖಂಡಿತ ಅಲ್ಲ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಚುಟ್ಟಿಯಿಡುವುದು ರಾಕ್ಷಸನನ್ನು ರಂಗದ ಮೇಲೆ ತರುವುದಕ್ಕಾಗಿ. ಬೆಳಗಾದ ಮೇಲೆ ಚೌಕಿಯಲ್ಲಿ ಆ ಬಣ್ಣವನ್ನು ತೊಳೆಯುತ್ತಾರೆ. ಅದು ವೇಷವೆಂಬುದು ವೇಷಧಾರಿಗೂ ಗೊತ್ತು, ಪ್ರೇಕ್ಷಕನಿಗೂ ಗೊತ್ತು. ಬಣ್ಣದ ವೇಷದ ಭಾವಚಿತ್ರವನ್ನು ಗುರುತುಚೀಟಿಗೆ ಅಂಟಿಸುವವರಿಲ್ಲ. ನಮ್ಮ ಊರಿಗೆ ಮಾತ್ರ ಅಂತಹ ಗುರುತುಚೀಟಿಯನ್ನು ಏಕೆ ಕೊಡುತ್ತಿದ್ದೇವೆ?

ನಮ್ಮ ಅಲಂಕಾರಶಾಸ್ತ್ರವು ಈ ವಿವೇಕವನ್ನು ಎಂದೋ ಹೇಳಿಕೊಟ್ಟಿದೆ. ಕನ್ನಡದ ಕವಿರಾಜಮಾರ್ಗವು ಬಹುಮಟ್ಟಿಗೆ ಅನುಸರಿಸಿದ ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳ ಮೊದಲಲ್ಲಿಯೇ ಇರಿಸಿದನು. ಅತಿಶಯೋಕ್ತಿಯನ್ನೂ ಅವನು ಕಡೆಗಣಿಸಲಿಲ್ಲ. ಆದರೆ ಲೋಕದ ಅನುಭವವನ್ನು ಮೀರದ ವರ್ಣನೆಯಲ್ಲಿ 'ಕಾಂತಿ'ಯೆಂಬ ಗುಣವನ್ನು ಗುರುತಿಸಿ, ಮೀರಿದುದನ್ನು 'ಅತ್ಯುಕ್ತಿ' ಎಂದು ಬೇರೆಯಾಗಿ ಹೆಸರಿಸಿದನು. ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ಉತ್ತಮವಾದ ಪಾಠವನ್ನು ನಾವು ಕಾಣೆವು.

ಕಾಂತಿಯೆಲ್ಲಿ ಮುಗಿದು ಅತ್ಯುಕ್ತಿಯೆಲ್ಲಿ ಆರಂಭವಾಗುತ್ತದೆ? ಇದು ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಪರೀಕ್ಷಿಸಿ ನೋಡಬಹುದಾದ ಸಂಗತಿ. ಅನಂತಪುರದ ಸರೋವರದಲ್ಲಿ ಬಿದ್ದ ಆಕಾಶದ ಪ್ರತಿಬಿಂಬವು ಮೇಲಿನ ಆಕಾಶಕ್ಕಿಂತ ಹೆಚ್ಚು ಬೆಳಗಬಾರದು. ನೀರು ತನಗೆ ಬಂದ ಬೆಳಕಿನಲ್ಲಿ ಒಂದು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ನೆರಳು ಮಸುಕಾಗಿ ಕಂಡರೂ ನೆರಳಾಗಿಯೇ ಉಳಿಯಬೇಕು. ಸೂರ್ಯನು ಯಾವ ಕಡೆಗಿದ್ದನೆಂದು ಅದು ಹೇಳಬೇಕು. ಚಿತ್ರವನ್ನು ನೋಡಿದ ರೈತನಿಗೆ ತಿಂಗಳು ಯಾವುದೆಂದು ತಿಳಿಯಬೇಕು. ಆಟಿಯ ಆಕಾಶ ಬೂದು ಬಣ್ಣದ್ದು. ಸುಗ್ಗಿಯ ಗುಡ್ಡದಲ್ಲಿ ಹುಲ್ಲು ಒಣಗಿ ಕಂದಾಗಿರುತ್ತದೆ. ಎರಡಕ್ಕೂ ಒಂದೇ ನೀಲಿ, ಒಂದೇ ಹಸುರು ಬಳಿದರೆ ವರ್ಷದ ಹನ್ನೆರಡು ತಿಂಗಳನ್ನೂ ಅಳಿಸಿಹಾಕಿದಂತಾಯಿತು.

ಇನ್ನು ನಮ್ಮ ಮುರಕಲ್ಲನ್ನು ನೋಡಿ. ಹೊಸದಾಗಿ ಕಡಿದಾಗ ಅದು ಕೆಂಪು. ಮಳೆಗಾಲಗಳು ಕಳೆದಂತೆ ಪಾಚಿ ಹಿಡಿದು ಕಪ್ಪಾಗುತ್ತದೆ. ಕೆಳದಿಯ ಅರಸರ ಕಾಲದಿಂದ ಬೇಕಲದ ಗೋಡೆ ಕಂಡ ಮಳೆಗಳ ಲೆಕ್ಕವಿರುವುದು ಆ ಕಪ್ಪಿನಲ್ಲಿ. ಅದನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿದವನು ಗೋಡೆಯನ್ನು ಸುಂದರಗೊಳಿಸಲಿಲ್ಲ. ಅದರ ವಯಸ್ಸನ್ನು ಕದ್ದನು.

ಒಂದು ಚಿತ್ರಕ್ಕಾಗಿ ಇಷ್ಟೊಂದು ಮಾತು ಬೇಕೇ ಎನ್ನುವವರಿಗೆ ನಮ್ಮ ಉತ್ತರ ಹೀಗಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯಾಚೆ ಉಳಿದ ನಾವು ಅಂದಿನಿಂದಲೂ ನಮ್ಮ ಭಾಷೆ, ಶಾಲೆ, ಬದುಕುಗಳ ಬಗ್ಗೆ ಲೋಕದ ಮುಂದೆ ಸಾಕ್ಷ್ಯ ನುಡಿಯುತ್ತಲೇ ಬಂದವರು. ಸಾಕ್ಷಿದಾರನಿಗೆ ಇರುವ ಬಂಡವಾಳವೆಂದರೆ ವಿಶ್ವಾಸಾರ್ಹತೆ ಮಾತ್ರ. ಎಣ್ಮಕಜೆಯಂತಹ ಗ್ರಾಮಗಳ ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆಯನ್ನು ದೂರದ ಜನ ನಂಬಿದ್ದರಲ್ಲಿ ಛಾಯಾಚಿತ್ರಗಳ ಪಾಲು ದೊಡ್ಡದು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯುವ ಹೊತ್ತಿಗೆ ಆ ಮಕ್ಕಳ ಮುಖಗಳನ್ನು ದೇಶವೇ ಕಂಡಿತ್ತು. ಆ ಚಿತ್ರಗಳಿಗೆ ಯಾರಾದರೂ ಬಣ್ಣ ಮೆತ್ತಿದ್ದರೆ ನಂಬುವವರು ಯಾರಿದ್ದರು? ನಾಳೆ ಗುಡ್ಡ ಕರಗಿದುದನ್ನೋ ಹೊಳೆ ಬತ್ತಿದುದನ್ನೋ ತೋರಿಸಬೇಕಾದಾಗ, ಇಂದು ಬಣ್ಣ ಬಳಿಯುತ್ತಿರುವ ಕೈಗಳನ್ನು ಯಾರು ನಂಬಬೇಕು?

ಇನ್ನೊಂದು ನಷ್ಟ ಮನೆಯೊಳಗಿನದು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೊಲ್ಲಿಯ ದೇಶಗಳಲ್ಲೋ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಅಜ್ಜನ ಊರು ಎಂದರೆ ಪರದೆಯ ಮೇಲಿನ ಚಿತ್ರ. ಆ ಚಿತ್ರವನ್ನು ನಂಬಿ ರಜೆಯಲ್ಲಿ ಬಂದಿಳಿದ ಮಗು ಹೊಳೆಯ ದಡದಲ್ಲಿ ನಿಂತು 'ಇಷ್ಟೇನಾ?' ಎಂದು ಕೇಳಿದರೆ ಸೋತದ್ದು ಹೊಳೆಯಲ್ಲ. ಇದ್ದುದನ್ನು ಇದ್ದಂತೆ ತೋರಿಸಿ, ಅದರಲ್ಲಿಯೇ ಚೆಲುವನ್ನು ಕಾಣುವ ಕಣ್ಣನ್ನು ಮಗುವಿಗೆ ಕೊಡಲಾರದ ನಾವು ಸೋತೆವು.

ಆದುದರಿಂದ ಗಡಿನಾಡಿನ ಎಲ್ಲ ಕನ್ನಡ ಸಂಘಗಳ ಮುಂದೆ ನಮ್ಮ ಬೇಡಿಕೆಗಳನ್ನು ಇಡುತ್ತೇವೆ. ಛಾಯಾಚಿತ್ರ ಸ್ಪರ್ಧೆಗಳಲ್ಲಿ 'ಯಥಾದೃಶ್ಯ', 'ಕಲ್ಪಿತ' ಎಂಬ ಎರಡು ವಿಭಾಗಗಳಿರಲಿ. ಕಲ್ಪಿತಕ್ಕೂ ಬಹುಮಾನವಿರಲಿ, ಆದರೆ ಅದು ತನ್ನ ಹೆಸರಿನಲ್ಲಿಯೇ ನಿಲ್ಲಲಿ. ಯಥಾದೃಶ್ಯದ ಸ್ಪರ್ಧಿಗಳು ತಿದ್ದದ ಮೂಲಚಿತ್ರಗಳನ್ನೂ ಒಪ್ಪಿಸಲಿ. ಪ್ರತಿಯೊಂದು ಚಿತ್ರದ ಕೆಳಗೆ ಸ್ಥಳ, ತಿಂಗಳು, ಹೊತ್ತು, ಎಷ್ಟು ಚಿತ್ರಗಳನ್ನು ಬೆಸೆಯಲಾಗಿದೆ ಎಂಬ ವಿವರಗಳು ಕನ್ನಡದಲ್ಲಿ ಅಚ್ಚಾಗಲಿ. ಸಂಘಗಳ ಕ್ಯಾಲೆಂಡರುಗಳಿಗೆ ಯಥಾದೃಶ್ಯ ಚಿತ್ರಗಳನ್ನೇ ಆರಿಸಲಿ.

ಇದಕ್ಕೆ ಹಣ ಬೇಡ, ಸರಕಾರದ ಅಪ್ಪಣೆಯೂ ಬೇಡ. ಮುಂದಿನ ಸ್ಪರ್ಧೆಯ ಕರಪತ್ರದಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು.