ಊರ ಗ್ರಂಥಾಲಯದಲ್ಲಿ ಮನೆತನದ ಚರಿತ್ರೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಈ ಸ್ಮರಣ ಸಂಚಿಕೆಯಲ್ಲಿ ಪರೀಕ್ಷೆಯ ಫಲಿತಾಂಶಗಳನ್ನೂ ಆಟೋಟಗಳ ವರದಿಯನ್ನೂ ಓದುವರಷ್ಟೆ. ಅವುಗಳ ನಡುವೆ ಬೇರೊಂದು ವಿಷಯವನ್ನು ಅವರ ಮುಂದಿಡಲು ನಾವು ಅಪೇಕ್ಷಿಸುತ್ತೇವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ವರ್ಷಕ್ಕೊಮ್ಮೆಯಾದರೂ ಊರಿನ ಮತ್ತು ಮನೆತನಗಳ ಚರಿತ್ರೆಯ ಕೂಟಗಳು ನಡೆಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ನವೆಂಬರ್ ೧೪ರಿಂದ ೨೦ರವರೆಗಿನ ಗ್ರಂಥಾಲಯ ಸಪ್ತಾಹವು ೧೯೬೮ರಿಂದ ನಡೆದುಬಂದಿದೆ. ಅದರಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಟ್ಟರೆ ಭಾಷಣಗಳಿಗೇನೂ ಕೊರತೆಯಾಗಲಾರದು.

ಚರಿತ್ರೆಯೆಂದರೆ ಅರಸರದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕುರುಗೋಡಿನ ಸಿಂದರು ತಮ್ಮ ವಂಶದ ಹಿರಿಮೆಯನ್ನು ಕಲ್ಲಿನಲ್ಲಿ ಕೊರೆಯಿಸಿದರು. ಸಿರುಗುಪ್ಪ ಸೀಮೆಯ ನಿಟ್ಟೂರಿನ ಬಂಡೆಯು ಅಶೋಕನನ್ನು ಹೆಸರುಹಿಡಿದೇ ಹೇಳುತ್ತದೆ. ಒಕ್ಕಲಿನವನ ಮನೆಗೆ ಕಲ್ಲು ಕೊರೆದುಕೊಟ್ಟವರು ಯಾರು? ಅವನಿಗೆ ಹೆಳವರಿದ್ದರು. ಎತ್ತನ್ನೇರಿ ಬಾಗಿಲಿಗೆ ಬಂದು, ಮೂಲಪುರುಷನಿಂದ ಹಿಡಿದು ಈಚೆಗೆ ಹುಟ್ಟಿದ ಕೂಸಿನವರೆಗೆ ಹೆಸರು ಹೇಳಿ, ಯಾವ ಊರನ್ನು ಏಕೆ ಬಿಟ್ಟುಬಂದರೆಂಬುದನ್ನು ವಿವರಿಸಿ, ಹೊಸ ಹೆಸರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದರು. ಅವರ ಮಕ್ಕಳು ಬೇರೆ ಬೇರೆ ಕಸುಬುಗಳನ್ನು ಹಿಡಿದಿದ್ದಾರೆ, ಬರುವವರು ವಿರಳ. ಗ್ರಂಥಾಲಯದ ಕೂಟಕ್ಕೆ ಮೊದಲು ಕರೆಯಬೇಕಾದವರು ಪಂಡಿತರಲ್ಲ, ಈ ಹೆಳವರು.

ಆದರೆ ಹೆಳವರ ಪುಸ್ತಕವೂ ಮುಖ್ಯವಾಗಿ ಗಂಡು ಸಂತತಿಯದೇ. ಹೆಣ್ಣುಮಗಳು ಮದುವೆಯಾದಳೆಂದರೆ ತವರಿನ ವಂಶಾವಳಿಯಲ್ಲಿ ಅವಳ ಎಳೆ ಮುಗಿಯಿತು. ಗಂಡನ ಮನೆಯದರಲ್ಲಿ ಇಂಥವನ ಹೆಂಡತಿ ಎಂದಿದ್ದರೆ ಅದೇ ಹೆಚ್ಚು. ಕೆಲವು ಮನೆಗಳಲ್ಲಿ ಮದುವೆಯ ದಿನ ಹೆಸರನ್ನೇ ಬದಲಾಯಿಸುವುದುಂಟು. ಎಂಟನೆಯ ತರಗತಿಯ ಹುಡುಗಿಯರನ್ನು ನಾವು ಕೇಳಿ ನೋಡಿದ್ದೇವೆ. ತಂದೆಯ ಅಜ್ಜನ ಹೆಸರನ್ನು ಅನೇಕರು ತಟ್ಟನೆ ಹೇಳುತ್ತಾರೆ. ತಾಯಿಯ ಅಜ್ಜಿಯ ಹೆಸರೇನೆಂದರೆ, “ಎಲ್ಲರೂ ಅವ್ವ ಅಂತಲೇ ಕರೀತಿದ್ದರು, ಟೀಚರ್” ಎನ್ನುತ್ತಾರೆ. ಹೊಲ ನೆಟ್ಟು, ಹತ್ತು ಹೆತ್ತು, ಬರಗಾಲದಲ್ಲಿ ಮನೆಯನ್ನು ಕಾದವಳಿಗೆ ಹೆಸರೇ ಉಳಿಯಲಿಲ್ಲ! ಇಂತಹವರಲ್ಲಿ ಕೆಲವರ ಬಾಲ್ಯದ ಹೆಸರು ಬರಹದಲ್ಲಿ ಉಳಿದಿರುವ ಏಕೈಕ ಸ್ಥಳವು ಒಂದು ಶಾಲೆಯ ದಾಖಲಾತಿ ಪುಸ್ತಕವೋ ಸಭೆಯ ದೀಕ್ಷಾಸ್ನಾನದ ಪುಸ್ತಕವೋ ಆಗಿರುತ್ತದೆ. ಗೆದ್ದಲಿಗೆ ಈ ಬೆಲೆ ತಿಳಿಯದು.

ನಮ್ಮ ಸೀಮೆಯ ಹಳೆಯ ಕಾಗದಪತ್ರಗಳು ನಮ್ಮಲ್ಲಿಲ್ಲವೆಂಬುದು ಇನ್ನೊಂದು ತೊಡಕು. ೧೮೦೦ರಲ್ಲಿ ನಿಜಾಮನು ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ೧೮೦೭ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರರಾಗಿದ್ದ ಥಾಮಸ್ ಮನ್ರೋ ಹೊಲಗಳನ್ನು ಅಳೆಯಿಸಿದರು. ಆ ಜಿಲ್ಲೆಯ ಹಳೆಯ ದಫ್ತರಗಳನ್ನೂ ಮೆಕೆಂಜಿಯವರು ಊರೂರಿನಿಂದ ಬರೆಯಿಸಿದ ಕೈಫಿಯತ್ತುಗಳನ್ನೂ ನೋಡಲು ಚೆನ್ನೈಗೆ ಹೋಗಬೇಕು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸರ ಲಂಡನ್ ಮಿಷನ್ನಿನ ಪತ್ರಗಳು ಲಂಡನ್ ವಿಶ್ವವಿದ್ಯಾಲಯದಲ್ಲಿವೆ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ, ಸಿರುಗುಪ್ಪಗಳು ಮೈಸೂರು ಸಂಸ್ಥಾನಕ್ಕೂ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. ಅಕ್ಕ ಇತ್ತ, ತಂಗಿ ಅತ್ತ ಆದ ಮನೆಗಳೆಷ್ಟೋ. ಅಷ್ಟು ದೂರ ಹೋಗಲು ಶಕ್ತಿಯಿಲ್ಲದವರಿಗಾಗಿ ಪ್ರತಿಗಳನ್ನು ತರಿಸಿಡುವುದು ಊರ ಗ್ರಂಥಾಲಯದ ಕೆಲಸವಲ್ಲದೆ ಮತ್ತಾರದು?

ಕೂಟದಲ್ಲಿ ಕಲಿಸತಕ್ಕ ವಿದ್ಯೆಯೂ ಇದೆ. ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಧಾತು ಸಂವತ್ಸರವು ೧೮೭೬ರಲ್ಲಿಯೂ ೧೯೩೬ರಲ್ಲಿಯೂ ೧೯೯೬ರಲ್ಲಿಯೂ ಬಂದಿತು. ಅಜ್ಜಿಯು ಧಾತುವಿನಲ್ಲಿ ಹುಟ್ಟಿದವಳೆಂದರೆ ಯಾವ ಧಾತು? ಧಾತು, ಈಶ್ವರಗಳ ಮಹಾ ಕ್ಷಾಮವು ೧೮೭೬ರಿಂದ ೧೮೭೮ರವರೆಗೆ ಈ ಜಿಲ್ಲೆಯನ್ನು ಬಡಿಯಿತೆಂಬುದನ್ನು ಬಲ್ಲವರು, “ಆಗ ಬರವಿತ್ತೆ?” ಎಂದು ಕೇಳಿ ಒಂದು ತಲೆಮಾರಿನ ತಪ್ಪನ್ನು ನಿವಾರಿಸಬಹುದು. ಊರ ಹೆಸರಿನ ಕಾಗುಣಿತವೂ ಹಾಗೆಯೇ. ೨೦೧೪ರ ನವೆಂಬರ್ ೧ಕ್ಕೆ ಮೊದಲಿನ ಇಂಗ್ಲಿಷ್ ದಾಖಲೆಗಳಲ್ಲಿ ‘ಬೆಲ್ಲಾರಿ’ ಎಂದು ಹುಡುಕದಿದ್ದರೆ ಬಳ್ಳಾರಿ ಸಿಕ್ಕದು.

ಇದು ಜಾತಿಯ ಹೆಮ್ಮೆಗೆ ವೇದಿಕೆಯಾದೀತೆಂದು ಕೆಲವು ಪೋಷಕರು ನಮ್ಮೊಡನೆ ಶಂಕಿಸಿದ್ದಾರೆ. ಶಂಕೆ ನಿರಾಧಾರವಲ್ಲ. ಆದಕಾರಣವೇ ಇದು ಸಮಾಜ ಭವನದಲ್ಲಾಗದೆ ಗ್ರಂಥಾಲಯದಲ್ಲಾಗಬೇಕೆನ್ನುತ್ತೇವೆ. ೧೯೬೫ರ ಕಾಯಿದೆಯಂತೆ ಗ್ರಂಥಾಲಯ ಕರವನ್ನು ಎಲ್ಲರ ಮನೆಕಂದಾಯದೊಡನೆಯೂ ವಸೂಲುಮಾಡುತ್ತಾರೆ. ಅಲ್ಲಿ ಬಾಗಿಲಲ್ಲಿ ಕುಲ ಕೇಳುವವರಿಲ್ಲ. ತುಂಗಭದ್ರೆಯ ಅಣೆಕಟ್ಟಿನಲ್ಲಿ ಮುಳುಗಿದ ಹಳ್ಳಿಗಳವರೂ, ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದು ಸಿರುಗುಪ್ಪದ ಕ್ಯಾಂಪುಗಳಲ್ಲಿ ನೆಲಸಿದವರೂ ಅಲ್ಲಿಗೆ ಬರಲಿ. ತೆಲುಗಿನಲ್ಲಿ ಹೇಳಿದರೆ ಬರೆದುಕೊಳ್ಳುವವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಹೇಳಲೊಲ್ಲದ ಸಂಗತಿಯನ್ನು ಯಾರೂ ಕೆದಕಿ ಕೇಳಬಾರದು. ಬದುಕಿರುವವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಇಡಕೂಡದು.

ಹಳೆಯ ವಿದ್ಯಾರ್ಥಿನಿಯರು ಲಗ್ನಪತ್ರಿಕೆ, ಪಟ್ಟಾ, ಪಡಿತರ ಚೀಟಿ, ಹಿಂಬದಿಯಲ್ಲಿ ಹೆಸರು ಬರೆದ ಭಾವಚಿತ್ರ ಮುಂತಾದುವನ್ನು ಹುಡುಕಿಡಬೇಕೆಂದು ಕೋರುತ್ತೇವೆ. ಮೂಲವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಪ್ರತಿ ತೆಗೆದು ಅಂದೇ ಹಿಂದಿರುಗಿಸಿದರೆ ಸಾಕು. ನಮ್ಮ ಹಳೆಯ ದಾಖಲಾತಿ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿರಿಸಿದ್ದೇವೆ. ತಾಯಿಯದೋ ಅಜ್ಜಿಯದೋ ಹೆಸರನ್ನು ನೋಡಬಯಸುವವರು ಶನಿವಾರ ಮಧ್ಯಾಹ್ನ ಶಾಲೆಗೆ ಬರಬಹುದು. ಅವರು ಸೇರಿದ ವರ್ಷವು ಸುಮಾರಾಗಿ ತಿಳಿದಿದ್ದರೆ ಹುಡುಕುವುದು ಸುಲಭ.